ಬಿಡಲು ಹಿಡಿವ ಹೊತ್ತು

ಎರಡು ಗಾಜು, ನಡುವೆ ಐವತ್ತು ಮೈಕ್ರಾನ್ ಸಂದು,
ಸಂದಿನಲ್ಲಿ ಒಂದು ಹನಿ.
ನೀರಿನಂತೆ ಹರಿಯುತ್ತದೆ, ಹರಳಿನಂತೆ ಸಾಲು ಹಿಡಿಯುತ್ತದೆ;
ಎರಡೂ ಮನೆಯಲ್ಲಿ ಉಣ್ಣುವ ಕೂಸು.

ವೋಲ್ಟೇಜು ಕೊಟ್ಟೊಡನೆ
ಕಣಗಳೆಲ್ಲ ಎದ್ದು ನಿಲ್ಲುತ್ತವೆ,
ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದ ಹಾಗೆ.
ಮಸೂರ ಹುಟ್ಟುತ್ತದೆ. ಹತ್ತಿರದ್ದು ಸ್ಪಷ್ಟ.
ತೆಗೆದರೆ ಮಾತ್ರ
ಒಂದರ ಹೆಗಲಿಗೆ ಒಂದು ಒರಗಿ
ಸಕ್ಕರೆ ಕಾರ್ಖಾನೆಯ ಕಾಕಂಬಿಯಲ್ಲಿ ಕಾಲಿಟ್ಟವರಂತೆ
ನಿಧಾನ ಮಲಗುತ್ತವೆ.
ಏಳಲು ಕಣ್ಣು ಮಿಟುಕಿಸುವಷ್ಟು.
ಮಲಗಲು ಮೂರು ಸೆಕೆಂಡು.

ಗುಳೇದಗುಡ್ಡದ ಮಾನಪ್ಪ ಕಾಕಾ
ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು
ನನ್ನ ಚೌಕಟ್ಟನ್ನು ಮೂಗಿಗೇರಿಸಿ
ಖಣದ ಎಳೆ ನೋಡಿದರು, ತಲೆಯೆತ್ತಿ ಬಾಗಿಲು ನೋಡಿದರು.
ಬಾಗಿಲು ಇನ್ನೂ ಬಂದಿರಲಿಲ್ಲ.
"ಬರೂದು ಲಗೂ ಬರ್ತೈತಿ, ಹೋಗೂದ ತಡಾ.
ದೀಪಾವಳಿಗೆ ಬಂದ ಅಳಿಯಾ ಇದ್ದಂಗ."
ಮತ್ತೆ ಲಾಳಿ ಎಸೆಯುತ್ತ ಎಣಿಸಿದರು:
"ಮೂರ ಲಾಳಿ."
ನನ್ನ ಆಸಿಲೋಸ್ಕೋಪು ಹೇಳಿದ್ದೂ ಅಷ್ಟೇ.
ಅದಕ್ಕೆ ಎರಡು ಲಕ್ಷ ಕೊಟ್ಟಿದ್ದೆವು.

ಬಾಗಲಕೋಟೆಗೆ ಮರಳಿ ಬಿಸಿ ಮಾಡಿ ನೋಡಿದೆ.
ಕಾದಷ್ಟೂ ಹನಿ ಸಡಿಲಾಗಿ ಓಡಿತು.
"ಬ್ಯಾಸಗಿ ನಮ್ಮಲ್ಲಿ ಪುಗಸಟ್ಟೆ" ಎಂದರು ಕಟಗೇರಿ ಸರ್.
ಇನ್ನೂ ಕಾಯಿಸಿದೆ. ಹನಿ ಸಾಲನ್ನೇ ಮರೆತು
ಬರೀ ನೀರಾಯಿತು, ಮಸೂರ ಹೋಯಿತು.
ಅಲ್ಲದೆ ಯಾರು ಹೊತ್ತಾರು ಮೂಗಿನ ಮೇಲೆ ಒಲೆ?

ಪಾಲಿಮರ್ ಬೆರೆಸಿ ಒಳಗೊಂದು ಬಲೆ ಕಟ್ಟಿದೆ.
ಚುರುಕಾಯಿತು, ನಿಜ.
ಆದರೆ ಮಜ್ಜಿಗೆಯಂಥ ಮಬ್ಬು,
ಮೇಲೆ ನೂರು ವೋಲ್ಟಿನ ಹಟ.

ರಾತ್ರಿ, ನವನಗರದ ಖಾನಾವಳಿ.
ಯಂಕವ್ವ ಹೊಸ ಹುಡುಗಿಯ ಕೈ ಹಿಡಿದು ನಿಲ್ಲಿಸಿದಳು:
"ಹಿಂಗ ದಪ್ಪ ಬಡದ್ರ ರೊಟ್ಟಿ ಹಂಚಿನ ಮ್ಯಾಲ
ಮುಂಜಾನಿತನಾ ಇರ್ತೈತಿ.
ತೆಳ್ಳಗ ಬಡಿ. ಎರಡ ಬಡಿ."

ಸೂತ್ರ ಗೊತ್ತಿರಲಿಲ್ಲವೆಂದಲ್ಲ.
ದಪ್ಪ ಅರ್ಧವಾದರೆ ಹೊತ್ತು ಕಾಲು:
ಮೊದಲ ವರ್ಷದ ವಹಿಯಲ್ಲೇ ಅಡಿಗೆರೆ ಎಳೆದಿದ್ದೆ.
ತೆಳುವಾದರೆ ಮಸೂರದ ಶಕ್ತಿಯೂ ಅರ್ಧ ಎಂದುಕೊಂಡು
ಅಲ್ಲಿಗೇ ಪುಟ ತಿರುವಿದ್ದೆ.
"ಎರಡ ಬಡಿ" ಎಂಬುದು ನನ್ನ ವಹಿಯಲ್ಲಿ ಇರಲಿಲ್ಲ.

ಗಾಜಿಗೆ ಲೇಪ ಬಳಿದು, ಮಖಮಲ್ಲು ಸುತ್ತಿದ ಉರುಳೆಯಿಂದ
ಒಂದೇ ದಿಕ್ಕಿಗೆ ಉಜ್ಜುತ್ತೇನೆ. ಹಿಂದಕ್ಕೆ ಎಳೆಯುವ ಹಾಗಿಲ್ಲ.
ಆ ಗೀರು ನನ್ನ ಕಣ್ಣಿಗೆ ಕಾಣದು,
ಕಣಗಳಿಗೆ ಗೊತ್ತು.
ಅವನ್ನು ಎಬ್ಬಿಸಲು ನನ್ನ ಬಳಿ ಬಲವಿದೆ,
ಮಲಗಿಸಲು ಯಾರೂ ಇಲ್ಲ.
ಗೋಡೆಗೆ ನೆನಪಿದೆ, ಅದು ಪಕ್ಕದ ಕಣಕ್ಕೆ ಹೇಳುತ್ತದೆ,
ಆ ಕಣ ಅದರಾಚೆಯದಕ್ಕೆ;
ಸುದ್ದಿ ನಟ್ಟನಡುವಿನವಕ್ಕೆ ಮುಟ್ಟುವಷ್ಟರಲ್ಲಿ
ಕಾಕಾ ಮೂರು ಲಾಳಿ ಎಸೆದಿರುತ್ತಾರೆ.

ಸಂದು ಕಿರಿದು ಮಾಡಿದೆ. ಮೂರು ಗಾಜು, ಎರಡು ಹನಿ.
ನಾಲ್ಕು ಕೆಟ್ಟವು; ಅದರಲ್ಲೊಂದು ಧೂಳಿಗೆ,
ಒಂದು ನನ್ನದೇ ಸೀನಿಗೆ.
ಐದನೆಯದು ನಿಂತಿತು.
ಈಗ ಎಲ್ಲರಿಗೂ ಗೋಡೆ ಹತ್ತಿರ.

ಮತ್ತೆ ಗುಳೇದಗುಡ್ಡ, ಓಣಿ ತುಂಬ ಮಗ್ಗದ ಸದ್ದು.
ಕಾಕಾ ಎಳೆ ನೋಡಿ, ಲಾಳಿ ಎಸೆದು, ತಲೆಯೆತ್ತಿದರು.
ಲಾಳಿ ಆ ತುದಿ ಮುಟ್ಟಿರಲಿಲ್ಲ,
ಬಾಗಿಲು ಬಂದಿತ್ತು;
ಬಾಗಿಲಲ್ಲಿ ಚಹಾ ಹಿಡಿದ ಮೊಮ್ಮಗಳು,
ಬಿದ್ದ ಹಲ್ಲಿನ ಸಂದಿ ಸಮೇತ.
"ಅಳಿಯಾ ಸುಧಾರಿಸ್ಯಾನ" ಎಂದರು.
ಆಮೇಲೆ ಚೌಕಟ್ಟು ತೆಗೆದು ಕಿವಿಯ ಹಿಂದೆ ಉಜ್ಜಿಕೊಂಡರು:
"ಆದ್ರ ಭಾಳ ವಜ್ಜಾ ಐತಿ ನೋಡವಾ."

ಮರಳುವ ಬಸ್ಸಿನಲ್ಲಿ ವಹಿ ತೆರೆದು
ಸಮಯದ ಕಾಲಮ್ಮಿನಲ್ಲಿ ಬರೆದೆ: ಮುಕ್ಕಾಲು ಲಾಳಿ.
ಕಟಗೇರಿ ಸರ್ ಕಂಡರೆ ಕೆಂಪು ಗೆರೆ ಎಳೆಯುತ್ತಾರೆ.
ಅದರ ಕೆಳಗೆ ಇನ್ನೊಂದು ಸಾಲು,
ಬಸ್ಸಿನ ಕುಲುಕಿಗೆ ಸೊಟ್ಟಗಾದದ್ದು:
ತೂಕ ಇಳಿಸಬೇಕು.