ತಳ್ಳುಗೊರಡು

ಲೆಂಪಿ ತಂದಿಟ್ಟು ಹೋದಳು, ಹಳದಿಯದು.
ಪ್ಲಾಸ್ಟಿಕ್ ಹಿಡಿ, ತಳಕ್ಕೆ ಕಿತ್ತಳೆ ರಬ್ಬರು.
ಅರವತ್ತೆರಡು ಡಾಲರಿನ ಚೀಟಿ
ಕೀಳಲು ಮರೆತಿದ್ದಾಳೆ. ಅಥವಾ ಮರೆತಿಲ್ಲ.

ಹ್ಯಾನ್ಕಾಕಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು ಅವಳು.
ಬೇಟೆಯ ಕಾಲಕ್ಕೆ ಗುಂಡು, ಹಿಮದ ಕಾಲಕ್ಕೆ ಸೊಂಟ,
ಉಳಿದ ದಿನವೆಲ್ಲ
ಗ್ಯಾರೇಜುಗಳಿಂದ ಬರುವ ಗಂಡಸರು:
ಟವೆಲು ಸುತ್ತಿದ ಒಂದು ಕೈ,
ಇನ್ನೊಂದರಲ್ಲಿ ಬ್ರೆಡ್ಡಿನ ಚೀಲ, ಚೀಲದಲ್ಲಿ ಬೆರಳು.
"ಎಲ್ಲರದೂ ಒಂದೇ ಮಾತು, ಅರ್ಮಸ್:
ಇನ್ನೊಂದೇ ಒಂದು ತುಂಡು ಬಾಕಿ ಇತ್ತು."

ನನ್ನದು ಮೇಪಲ್ ಮರದ್ದು.
ಯಾರದೋ ಮೆಟ್ಟಿಲಿಗೆ ಕಟಕಟೆ ಮಾಡಿ ಮಿಕ್ಕ ಚೂರು.
ಹಿಂದೆ ಹಿಮ್ಮಡಿಯಂತೆ ಒಂದು ಕಚ್ಚು,
ಹಿಡಿಯಲ್ಲಿ ನನ್ನ ಹೆಬ್ಬೆರಳು ತಾನೇ ತೋಡಿಕೊಂಡ ಗುಳಿ,
ಹೊಟ್ಟೆಯಲ್ಲಿ ಗರಗಸದ ಗೀರು. ಎಣಿಸಿದ್ದೇನೆ, ನಲವತ್ತಮೂರು.
ಅದಕ್ಕೆ ನೋವಿಲ್ಲ, ನನಗೆ ಖರ್ಚಿಲ್ಲ.
ಹಿತ್ತಲ ಗಿಡವೇ ಮದ್ದೆಂದು
ಹದಿನೇಳು ವರ್ಷ ನಂಬಿದವನು ನಾನು.

ಅರವತ್ತೆರಡು ಡಾಲರನ್ನು
ಆ ಹಲ್ಲುಗಳ ಬಾಯಿಗೆ ಕೊಡಲು ಮನಸ್ಸು ಬಂದೀತೇ?
ಅಲಗು ಹತ್ತಿರವಾದಂತೆ
ಕೈ ಜಿಪುಣನಾಗುತ್ತದೆ, ಒಂದಿಷ್ಟು ಓರೆಯಾಗುತ್ತದೆ,
ಗೊರಡನ್ನು ಉಳಿಸಲು ಹೋಗಿ...
ಇದನ್ನೇ ಲೆಂಪಿಗೆ ಹೇಳಿದೆ.
"ಹಾಗಾದರೆ ಬೆರಳಿನ ಚೀಟಿ ಎಲ್ಲಿ ಅಂಟಿಸಲಿ?" ಅಂದಳು.
ಕಾಫಿ ಮುಗಿಸಿ ಎದ್ದಳು.

ಫೆಬ್ರವರಿ. ಅರ್ಧ ಕಿಟಕಿಯವರೆಗೆ ಹಿಮ.
ಸೌನಾದ ಬೆಂಚಿಗೆ ಆಸ್ಪೆನ್ ಪಟ್ಟಿ ಸೀಳುತ್ತಿದ್ದೆ.
ಆರು ಮುಗಿದಿತ್ತು. ಇನ್ನೊಂದೇ ಒಂದು ಬಾಕಿ ಇತ್ತು.

ಉಜ್ಜಿ ಉಜ್ಜಿ ಸಾಬೂನಾಗಿದ್ದ ಮೇಪಲ್ ತಳ
ಜಾರಿತು.
ಪಟ್ಟಿ ಎದ್ದಿತು, ಸೊಂಟ ಸವರಿಕೊಂಡು ಹಾರಿ
ಹಿಂದಿನ ಬಾಗಿಲಿಗೆ ಬಡಿಯಿತು.
ಸ್ವಿಚ್ಚು ಆರಿಸಿದೆ.
ಗರಗಸ ನಿಲ್ಲುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು
ಅವತ್ತು ನಿಂತು ಕೇಳಿದೆ.

ಹಳದಿಯದನ್ನು ಕೈಗೆತ್ತಿಕೊಂಡೆ.
ರಬ್ಬರು ಮರವನ್ನು ಹಿಡಿದ ರೀತಿ,
ಸುಳ್ಳಾಡಬಾರದು, ಚೆನ್ನಾಗಿತ್ತು.
ಏಳನೆಯ ಪಟ್ಟಿ ಹಠ ಮಾಡದೆ ಆಚೆ ಹೋಯಿತು.
ಆದರೂ ಅಲಗಿನ ಬಳಿ ಕೈ ಚೌಕಾಸಿಗಿಳಿದದ್ದು
ನನಗೆ ಗೊತ್ತಾಯಿತು.

ಹಾಗಾಗಿ ಎಂಟನೆಯದನ್ನು, ಬೇಡದಿದ್ದರೂ, ಇಟ್ಟೆ.
ಅಲಗನ್ನು ಒಂದು ನೂಲು ಎತ್ತರಿಸಿ
ನೇರ ತಳ್ಳಿದೆ, ಹಳದಿಯ ಮೈಮೇಲೆಯೇ ಹೋಗಲಿ ಎಂದು.
ಪ್ಲಾಸ್ಟಿಕ್ಕಿನ ವಾಸನೆ. ಒಂದು ಗೀರು.
ಈಗ ಅದು ಉಡುಗೊರೆಯಲ್ಲ, ಸಾಮಾನು.

ಸಂಜೆ ಹಳೆಯ ಬೂಟಿನ ಅಟ್ಟೆ ಕತ್ತರಿಸಿ
ಮೇಪಲ್ ತಳಕ್ಕೆ ಅಂಟು ಹಾಕಿ,
ಮೇಲೆ ಬಣ್ಣದ ಡಬ್ಬಿ ಹೇರಿಟ್ಟೆ.

ಲೆಂಪಿ ಬಂದಳು. ಗೀರು ಕಂಡವಳೇ
ಗೊರಡನ್ನು ಬಿಟ್ಟು ನನ್ನ ಕೈ ಹಿಡಿದಳು,
ಅಂಗೈ, ಮುಂಗೈ, ಮತ್ತೆ ಅಂಗೈ.
ನಾನು ಬಾಗಿಲಿನ ತಗ್ಗಿಗೆ ಬೆನ್ನು ಕೊಟ್ಟು ನಿಂತಿದ್ದೆ.
"ಯಾವುದು ವಾಸಿ?" ಕೇಳಿದಳು.
ಎರಡೂ ಒಂದೇ ಮೊಳೆಗೆ ನೇತಾಡುತ್ತಿದ್ದವು.
ಚೀಟಿ ಇನ್ನೂ ಹಾಗೇ ಇತ್ತು,
ಅರವತ್ತೆರಡರ ಪಕ್ಕ, ಪೆನ್ಸಿಲಿನಲ್ಲಿ,
ನಾನು ಬರೆದಿಟ್ಟ ಒಂದು.