ಕೊನೆಯ ಹೆಸರು

ಸರಸ್ವತಿಪುರಂ, ರಾತ್ರಿ ಹನ್ನೊಂದೂವರೆ.
ಅರ್ಧ ಇಳಿಸಿದ ಶಟರಿನೊಳಗೆ ನಾನು,
ಬೆಳಗಾದರೆ ಗಂಗೋತ್ರಿಗೆ ಒಪ್ಪಿಸಬೇಕಾದ
ಯಾರದೋ ಪಿಎಚ್.ಡಿ.
ಇನ್ನೂರ ಹನ್ನೆರಡು ಆಕರ. ಗುಂಡಿ ಒತ್ತಿದೆ.
ಟೀ ಲೋಟ ಕೆಳಗಿಡುವಷ್ಟರಲ್ಲಿ ತಂತ್ರಾಂಶ
ಎಲ್ಲರನ್ನೂ ಅಕಾರಾದಿಯಲ್ಲಿ ನಿಲ್ಲಿಸಿತ್ತು,
ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ.

ಆದರೂ ಒಬ್ಬೊಬ್ಬರನ್ನೇ ಮಾತಾಡಿಸಬೇಕು.
ಮೂವರು ಗೌಡರು ಸೇರಿ ಒಬ್ಬರೇ ಆಗಿದ್ದಾರೆ.
ಅಪ್ಪನ ಹೆಸರಿನ ಹಿಂದೆ ಮಗಳು
ಒಂದಕ್ಷರವಾಗಿ ಅವಿತಿದ್ದಾಳೆ.
ನೂರ ಅರವತ್ತೊಂದನೆಯದು ಹೀಗೆ:
ಬಸರಾಳು, ಎನ್. ವರ್ಷವಿಲ್ಲ. ಪ್ರಕಾಶಕರಿಲ್ಲ.

ಫೋನು ಮಾಡಿದೆ. ತೇಜಾವತಿ ನಿದ್ದೆಗಣ್ಣಲ್ಲೇ ನಕ್ಕಳು:
"ಅದು ಪುಸ್ತಕ ಅಲ್ಲ ಅಣ್ಣಾ, ನಿಂಗಾಜಮ್ಮ.
ಬಸರಾಳಿನ ಆಲೆಮನೇಲಿ ಕೊಪ್ಪರಿಗೆ ಮುಂದೆ ಕೂತು
ಬೆಲ್ಲದ ಹದಕ್ಕೆ ಒಂಬತ್ತು ಹೆಸರು ಹೇಳಿದೋರು.
ಹತ್ತನೇದು ಕೇಳಿದ್ದಕ್ಕೆ,
ಮಾತಾಡ್ತಾ ಕೂತ್ರೆ ಪಾಕ ಸೀಯ್ತದೆ, ಏಳು ಅಂದ್ರು."

ತಂತ್ರಾಂಶ ಬಿಡುವುದಿಲ್ಲ.
ಕೊನೆಯ ಹೆಸರು? ಪುಟ? ಆವೃತ್ತಿ?
ನೊರೆ ಉಕ್ಕಿ ಇಳಿದದ್ದು ಎಷ್ಟನೇ ಪುಟ ಅಂತ ಬರೆಯಲಿ?

ಆ ಒಂದು ಸಾಲಿಗೆ ಅದನ್ನು ಆರಿಸಿ
ಕೈಯಾರೆ ಒತ್ತಿದೆ:
ನಿಂಗಾಜಮ್ಮ, ಬಸರಾಳು. ಹೇಳಿದ್ದು.
ಆಲೆಮನೆ. ಮಾಘದ ಒಂದು ಬೆಳಗಿನ ಜಾವ.

ಬಕಾರದ ಗುಂಪಿನಿಂದ ಎದ್ದು
ಸೆರಗು ಕೊಡವಿಕೊಂಡು ನಡೆದು ಬಂದು
ನಾಗರಾಜಯ್ಯನವರಿಗೂ ನೀಲ್ಸನ್‌ಗೂ ನಡುವೆ ಕೂತರು.
ನೀಲ್ಸನ್ ಒಂದು ಸಾಲು ಕೆಳಗೆ ಸರಿದ.
ಒಳಪುಟಗಳ ಅಂಕೆಗಳನ್ನೆಲ್ಲ
ತಂತ್ರಾಂಶವೇ ತಿದ್ದಿಕೊಂಡಿತು, ಒಂದೂ ತಪ್ಪದೆ.
ಅದಕ್ಕೆ ಅದು ಬರುತ್ತೆ.