ಎರಡರ ಮೇಲೆ, ಮೂರನೆಯದರ ಕೆಳಗೆ

ಅಸ್ಮಾರಾದ ಮೆದೆಬರ್‌ನಲ್ಲಿ,
ಎಣ್ಣೆಡಬ್ಬ ಒಲೆಯಾಗುವ, ಟೈರು ಚಪ್ಪಲಿಯಾಗುವ,
ಯಾವ ವಸ್ತುವಿಗೂ ಸುಮ್ಮನೆ ಸಾಯಲು ಬಿಡದ ಆ ಗದ್ದಲದಲ್ಲಿ,
ಅಬೊಯ್ ತೆವೊಲ್ದೆಯ ಅಂಗಡಿಗೆ ಬಾಗಿಲಿರಲಿಲ್ಲ.
ಬಾಗಿಲ ಜಾಗದಲ್ಲಿ ತಲೆಕೆಳಗಾಗಿ ನೆಟ್ಟ ಒಂದು ಫೋರ್ಕು,
ಅದರ ಕವಲಲ್ಲಿ ಸದಾ ಒಂದು ಗಾಲಿ.

ನನಗಾಗ ಹದಿನೇಳು.
ಏನು ಬಲ್ಲೆ, ಅಂದ.
ಜಡೆ ಹಾಕಬಲ್ಲೆ, ಅಂದೆ.
ಅಕ್ಕನ ಮದುವೆಗೆ ಹನ್ನೊಂದು ತಲೆ ಹೆಣೆದಿದ್ದೆ,
ನೆತ್ತಿಗಂಟಿದ ಸಾಲುಜಡೆ; ಒಬ್ಬಳೂ ಅತ್ತಿರಲಿಲ್ಲ.
ಮುದುಕ ನಗಲಿಲ್ಲ.
ಮೂವತ್ತಾರು ಕಡ್ಡಿ ಎಣಿಸಿ ಮಡಿಲಿಗೆ ಸುರಿದ.

ಹೊಸವಲ್ಲ. ಮೂರು ಮುರಿದ ಸೈಕಲ್ಲುಗಳ ಮಿಕ್ಕ ಮೂಳೆ.
ಕೆಲವಕ್ಕೆ ತುಕ್ಕಿನ ಮಚ್ಚೆ,
ಕೆಲವಕ್ಕೆ ಹಿಂದೆ ಯಾವುದಕ್ಕೋ ಒರಗಿದ್ದ ಜಾಗದಲ್ಲಿ
ಉಗುರಿಗಷ್ಟೇ ತಿಳಿಯುವ ಸವಕಲು.
ಹಾಲಿನ ಕಹ್ಸಾಯ್‌ನ ಹಿಂದಿನ ಗಾಲಿ ಇದು, ಅಂದ,
ನಲವತ್ತು ಲೀಟರು ಹೊರುತ್ತೆ, ಮರೆಯಬೇಡ.

ಗುಂಬದಿಂದ ರಿಮ್ಮಿಗೆ ಸೀದಾ ಎಳೆದರೆ ಚೆಂದವೇ,
ಮಕ್ಕಳು ಬರೆದ ಸೂರ್ಯನ ಹಾಗೆ;
ಮುಂದಿನ ಗಾಲಿಗೆ ನಡೆದೀತು, ರೇಸಿನ ಹುಡುಗರ ಶೋಕಿಗೆ.
ಹಿಂದಿನದು ಹಾಗಲ್ಲ ಮಗಳೇ,
ತುಳಿದಾಗಲೆಲ್ಲ ಗುಂಬ ತಿರುಚುತ್ತದೆ.
ಆ ತಿರುಚನ್ನು ಹಿಡಿಯಲು ಓರೆಯಾಗಿ ಹೊರಟ ಕಡ್ಡಿ ಬೇಕು,
ಓರೆಯಾಗಿ ಹೊರಟದ್ದಕ್ಕೆ
ಎದುರಿಂದ ಬಂದದ್ದರ ಮೈ ತಾಗಬೇಕು.
ಎರಡರ ಮೇಲೆ ಹಾಯಿಸು, ಮೂರನೆಯದರ ಕೆಳಗೆ ನುಸುಳಿಸು.

ಇಷ್ಟೇ ತಾನೆ! ಕಡ್ಡಿಗೆ ಸಿಕ್ಕೂ ಇಲ್ಲ, ಹೇನೂ ಇಲ್ಲ.
ಪಕ್ಕದ ಹೆಂಗಸು ಜೆಬೆನಾದಿಂದ
ಎರಡನೆಯ ಸುತ್ತಿನ ಕಾಫಿ ಬಗ್ಗಿಸುವಷ್ಟರಲ್ಲಿ
ಗಾಲಿ ಹೆಣೆದು ಎತ್ತಿ ಹಿಡಿದೆ.
ಆತ ಒಂದು ಸುತ್ತು ತಿರುಗಿಸಿ ನೋಡಿದ.
ಚೆನ್ನಾಗಿದೆ, ಅಂದ. ಪಂಪು ತಾ.

ವಾಲ್ವಿನ ತೂತು
ಎರಡು ಕಡ್ಡಿಗಳು ಕೂಡುವ ಸಂದಿಯಲ್ಲಿ ಸರಿಯಾಗಿ ಸಿಕ್ಕಿಬಿದ್ದಿತ್ತು.
ಪಂಪಿನ ಮೂತಿ ಹೋಗಲಿ, ನನ್ನ ಕಿರುಬೆರಳೂ ತೂರಲಿಲ್ಲ.
ಆತನಿಗೆ ಮೊದಲ ಕಡ್ಡಿಯಲ್ಲೇ ಗೊತ್ತಿತ್ತು,
ಮೂವತ್ತಾರೂ ಮುಗಿಯಲೆಂದು ಕಾದಿದ್ದ.
ಮೂರನೆಯ ಸುತ್ತು, ಬೆರೆಕಾ, ಹರಕೆಯ ಕಾಫಿ,
ನನ್ನ ಪಾಲಿನದು ಅಲ್ಲೇ ಆರಿತು.

ಬಿಚ್ಚಿದೆ.
ಈ ಸಲ ಮೊದಲ ಕಡ್ಡಿಗೆ ಕೆಂಪು ನೂಲು ಕಟ್ಟಿ
ಅಲ್ಲಿಂದಲೇ ಎಣಿಸಿದೆ, ತುಟಿ ಅಲುಗಿಸಿ, ನಾಚಿಕೆ ಬಿಟ್ಟು.

ಬೆಂಡು ತೆಗೆಯುವಾಗ ಆತ ಕಡ್ಡಿ ಮಿಡಿದು
ರಿಮ್ಮಿಗೆ ದವಡೆ ಒತ್ತುವುದನ್ನು ಕಂಡೆ.
ಕಿವಿಗಳನ್ನು ಮೆದೆಬರ್‌ನ ಸುತ್ತಿಗೆಗಳು ಎಂದೋ ತಿಂದಿದ್ದವು;
ಉಳಿದದ್ದು ಮೂಳೆ, ಈಗ ಅದೂ ಮಂಕು.
ನೀನು ಹೇಳು, ಅಂದ.
ಬಲದ್ದು ಕಿರುಚುತ್ತೆ, ಎಡದ್ದು ಗೊಣಗುತ್ತೆ, ಅಂದೆ,
ಎರಡನ್ನೂ ಒಂದೇ ಸ್ವರಕ್ಕೆ ತರಲೇ?
ತಂದು ನೋಡು! ರಿಮ್ಮು ಎಡಕ್ಕೆ ಓಡುತ್ತೆ.
ಬಲಕ್ಕೆ ಹಲ್ಲುಗಳು ಕೂತಿವೆ, ಜಾಗ ಕಮ್ಮಿ,
ಆ ಕಡೆಯವು ನೆಟ್ಟಗೆ ಏರಬೇಕು, ಹೆಚ್ಚು ಬಿಗಿಯಬೇಕು.
ಬಲದವು ತಮ್ಮೊಳಗೆ ಒಂದಾಗಲಿ, ಎಡದವು ತಮ್ಮೊಳಗೆ,
ಗಾಲಿ ನಡುವೆ ನಿಲ್ಲುತ್ತೆ.

ಜಡೆಗೆ ಕೆಲಸ ಕೊಟ್ಟನೆಂದುಕೊಂಡಿದ್ದೆ.
ಆತನಿಗೆ ಬೇಕಿದ್ದದ್ದು ನನ್ನ ಕಿವಿ.

ಬೆಳಿಗ್ಗೆ ಕಹ್ಸಾಯ್ ಬಂದ, ಕ್ಯಾನು ಕಟ್ಟಿದ, ಹತ್ತಿದ.
ಟಣ್.
ಎದೆ ಹಾರಿತು. ಟಣ್, ಟಣ್ ಮತ್ತೆ.
ಮುರೀತಿದೆ ಅಬೊಯ್! ಅಂತ ಅವನ ತೋಳು ಜಗ್ಗಿದೆ.
ಎಷ್ಟು ಸಲ?
ಏಳು... ಎಂಟು.
ತಿರುಚಿಕೊಂಡಿದ್ದ ಕಡ್ಡಿಗಳು ಮೈ ಸಡಿಲಿಸ್ತಿವೆ, ಅಂದ,
ನಾಳೆ ತಿರುಗಿ ಬರ್ತಾನೆ, ಬಿಗಿ ಮಾಡು.
ಮತ್ತೆ ನನ್ನ ಮುಖವನ್ನೇ ನೋಡುತ್ತ ನಿಂತ,
ಒಂಬತ್ತನೆಯದನ್ನು ಅಲ್ಲಿ ಓದುವವನಂತೆ.

ಕೆಂಪು ನೂಲು ಬಿಚ್ಚಲು ಮರೆತಿದ್ದೆ.
ಸುತ್ತಿಗೊಮ್ಮೆ ಮೇಲೆ ಬಂದು ಕಾಣುತ್ತಿತ್ತು,
ಇಳಿಜಾರಿನ ಮಂಜಿನವರೆಗೂ.